ಪೈಪ್ ಯಾಕೆ ಗೊರಗೊರ ಅನ್ನುತ್ತದೆ? ಚೆನ್ನಾಗಿ ಎಳೆಯುವ ಪೈಪಿಗೆ ಬೇಕಾದದ್ದು

ಪೈಪ್ ಸೇದುವ ಗೆಳೆಯರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಒಳಗೆ ನೀರು ಗೊರಗೊರ ಅನ್ನುತ್ತದೆ. ನಾಲಿಗೆ ಚುರುಚುರು ಉರಿಯುತ್ತದೆ. ಬೆಂಕಿ ಮತ್ತೆ ಮತ್ತೆ ಆರುತ್ತದೆ. ಹುಕ್ಕಾಕ್ಕೆ ನಮ್ಮ ಹಿರಿಯರು ಗುಡುಗುಡಿ ಅಂತ ಹೆಸರಿಟ್ಟಿದ್ದು ಅದರ ನೀರಿನ ಸದ್ದಿಗೆ. ಪೈಪಿನಲ್ಲಿ ಆ ಸದ್ದು ಬರಬಾರದು. ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ದುಬಾರಿ ಪೈಪ್ ತಗೊಂಡರೆ ಸರಿಹೋಗುತ್ತಾ?

ಹೋಗಬಹುದು, ಹೋಗದೆಯೂ ಇರಬಹುದು. ಪೈಪ್ ಅಂದರೆ ಒಂದು ಪುಟ್ಟ ಒಲೆ, ಅಷ್ಟೇ. ನಾನು ಚಿಕ್ಕವನಿದ್ದಾಗ ಮನೆಯ ಬಚ್ಚಲ ಒಲೆಗೆ ಬೆಂಕಿ ಹಾಕುವುದು ನನ್ನ ಕೆಲಸವಾಗಿತ್ತು. ಹಸಿ ಸೌದೆ ತುರುಕಿದರೆ ಬರೀ ಹೊಗೆ, ಕಣ್ಣುರಿ. ಒಣ ಸೌದೆಯಾದರೂ ಸಂದಿಲ್ಲದಂತೆ ತುಂಬಿದರೆ ಹತ್ತುತ್ತಿರಲಿಲ್ಲ. ಊದುಕೊಳವೆಯಲ್ಲಿ ಜಾಸ್ತಿ ಊದಿದರೆ ಭಗ್ಗನೆ ಹೊತ್ತಿ ಬೇಗ ಬೂದಿಯಾಗುತ್ತಿತ್ತು. ಒಲೆ ಹಚ್ಚಿ ಅಭ್ಯಾಸ ಇದ್ದವರಿಗೆ ಪೈಪ್ ಬೇಗ ಅರ್ಥವಾಗುತ್ತದೆ. ಗಾಳಿ ಒಳಗೆ ಬರಬೇಕು, ಹೊಗೆ ಎಲ್ಲೂ ನಿಲ್ಲದೆ ಹೊರಗೆ ಹೋಗಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಲೇಬೇಕು. ಇದುವರೆಗೆ ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಇಟ್ಟು ಬಿಟ್ಟರೂ ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇದೆ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ, ಗರ್ಭಿಣಿಯರಿದ್ದರೆ ಒಳಗೆ ಹಚ್ಚಲೇಬೇಡಿ. ಈಗಾಗಲೇ ಪೈಪ್ ಸೇದುವವರಿಗೆ ಮತ್ತು ಅಜ್ಜನ, ಮಾವನ ಹಳೇ ಪೈಪನ್ನು ಸರಿಮಾಡಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಭಾಗಗಳಿಗೆ ಒಂದೊಂದು ಹೆಸರು ಇಟ್ಟುಕೊಳ್ಳೋಣ. ತಂಬಾಕಿನ ಸೊಪ್ಪು ಉರಿಯುವುದು ಬಟ್ಟಲಿನಲ್ಲಿ. ಬಟ್ಟಲಿಗೆ ಸೇರಿದ ಮರದ ಭಾಗ ಕತ್ತು. ಬಾಯಲ್ಲಿ ಇಡುವ ಕಪ್ಪು ಭಾಗ ಸ್ಟೆಮ್. ಸ್ಟೆಮ್‌ನ ಒಂದು ತುದಿಯಲ್ಲಿ ಸಣ್ಣ ಮೂತಿ ಇರುತ್ತದೆ, ಅದು ಕತ್ತಿನೊಳಗಿನ ಗೂಡಿನಲ್ಲಿ ಹೋಗಿ ಕೂರುತ್ತದೆ. ಬಟ್ಟಲಿನ ತಳದಿಂದ ಬಾಯಿಯವರೆಗೆ ಒಂದೇ ತೂತು. ಅದೇ ಗಾಳಿಯ ದಾರಿ.

ಮೊದಲು ಖಾಲಿ ಪೈಪನ್ನು ಪರೀಕ್ಷೆ ಮಾಡಿ

ಸೊಪ್ಪು ತುಂಬುವ ಮೊದಲೇ ಪೈಪಿನ ಅರ್ಧ ಜಾತಕ ಗೊತ್ತಾಗುತ್ತದೆ. ಐದು ನಿಮಿಷ ಸಾಕು.

ಖಾಲಿ ಪೈಪನ್ನು ಬಾಯಲ್ಲಿಟ್ಟು ಮಾಮೂಲಿ ದಮ್ಮಿನಂತೆ ಗಾಳಿ ಎಳೆಯಿರಿ. ಸದ್ದು ಬರಬಾರದು. ಬಂದರೂ ಉಸಿರಾಡಿದಷ್ಟು ಮೆಲ್ಲಗೆ ಇರಬೇಕು. ಶಿಳ್ಳೆ ಹೊಡೆದಂತೆ ಕೇಳಿದರೆ ದಾರಿ ಎಲ್ಲೋ ಕಿರಿದಾಗಿದೆ, ಇಲ್ಲವೇ ಎಲ್ಲೋ ಏಕಾಏಕಿ ಅಗಲ ಕಿರಿದು ಆಗುತ್ತಿದೆ ಅಂತ ಲೆಕ್ಕ. ಕೆನ್ನೆ ಒಳಗೆ ಹೋಗುವಷ್ಟು ಜೋರಾಗಿ ಎಳೆಯಬೇಕಾದರೆ ಆ ಪೈಪ್ ನಿಮಗೆ ನೆಮ್ಮದಿ ಕೊಡುವುದಿಲ್ಲ.

ಎರಡನೆಯದು ಪೈಪ್ ಕ್ಲೀನರ್ ಪರೀಕ್ಷೆ. ತಂತಿಗೆ ಹತ್ತಿ ಸುತ್ತಿದ ಉದ್ದನೆಯ ಕಡ್ಡಿ ಅದು. ಸ್ಟೆಮ್ ಬಿಚ್ಚದೆ ಬಾಯಿಯ ಕಡೆಯಿಂದ ತೂರಿಸಿ. ಅದು ಎಲ್ಲೂ ತಡೆಯದೆ ಬಟ್ಟಲಿನ ತಳದವರೆಗೆ ಬರಬೇಕು. ತುಂಬಾ ಬಾಗಿದ ಪೈಪುಗಳಲ್ಲಿ ಸ್ವಲ್ಪ ತಡೆದರೆ ಕ್ಷಮಿಸಬಹುದು. ನೇರ ಪೈಪಿನಲ್ಲಿ ತಡೆದರೆ ಸ್ಟೆಮ್‌ನ ತೂತೂ ಕತ್ತಿನ ತೂತೂ ಒಂದಕ್ಕೊಂದು ಸರಿಯಾಗಿ ಎದುರಾಗಿಲ್ಲ ಅಂತ ಅರ್ಥ. ಅಂಗಡಿಯಲ್ಲಿ ಕೊಳ್ಳುವಾಗ ನಾನು ಬೇರೇನೂ ನೋಡದಿದ್ದರೂ ಇದನ್ನು ನೋಡುತ್ತೇನೆ. ಕ್ಲೀನರ್ ತೂರಿಸಲು ಬಿಡದ ಅಂಗಡಿಯಲ್ಲಿ ಪೈಪ್ ಕೊಳ್ಳುವುದು ಬೇಡ.

ಮೂರನೆಯದು, ಬೆಳಕಿಗೆ ಹಿಡಿದು ಬಟ್ಟಲಿನೊಳಗೆ ನೋಡಿ. ಗಾಳಿ ತೂತು ತಳಕ್ಕೆ ಸರಿಯಾಗಿ ಅಂಟಿಕೊಂಡಂತೆ ತೆರೆದಿರಬೇಕು. ಎಡಕ್ಕೋ ಬಲಕ್ಕೋ ಕೂದಲಿನಷ್ಟು ಸರಿದಿದ್ದರೆ ಅಂಥ ತೊಂದರೆಯಿಲ್ಲ. ಆದರೆ ತಳಕ್ಕಿಂತ ಮೇಲೆ ಇದ್ದರೆ ತೊಂದರೆ ಇದೆ. ತೂತಿನ ಕೆಳಗಿನ ಸೊಪ್ಪಿಗೆ ಗಾಳಿಯೇ ಸಿಗುವುದಿಲ್ಲ. ಅದು ಉರಿಯದೆ, ಮೇಲಿನಿಂದ ಇಳಿದ ನೀರನ್ನೆಲ್ಲ ಕುಡಿದು ಕೆಸರಾಗುತ್ತದೆ. ಆ ಕೆಸರಿನ ವಾಸನೆ ಮುಂದಿನ ಹತ್ತು ಸಲ ಸೇದುವಾಗಲೂ ಬರುತ್ತದೆ.

ತೂತಿನ ಅಗಲ 3.5 ರಿಂದ 4 ಮಿಲಿಮೀಟರ್ ಇದ್ದರೆ ಚೆನ್ನ. ಅಳೆಯಲು ದೊಡ್ಡ ಸಾಮಾನೇನೂ ಬೇಡ. ಹಾರ್ಡ್‌ವೇರ್ ಅಂಗಡಿಯಿಂದ 3.5 ಮಿ.ಮೀ. ಡ್ರಿಲ್ ಬಿಟ್ ತಂದು ಅದರ ನುಣುಪಾದ ಹಿಂತುದಿಯನ್ನು ಕತ್ತಿನ ತೂತಿನಲ್ಲಿ ಮೆಲ್ಲಗೆ ಇಳಿಸಿ ನೋಡಿ. ಸಲೀಸಾಗಿ ಹೋದರೆ ದಾರಿ ಸಾಕಷ್ಟು ಅಗಲ ಇದೆ. ಎಷ್ಟೋ ಹಳೇ ಪೈಪುಗಳಲ್ಲಿ ಅದು ಇಳಿಯುವುದೇ ಇಲ್ಲ. ಹಾಗಂತ ತಕ್ಷಣ ಕೊರೆಯಲು ಹೋಗಬೇಡಿ. ಮೊದಲು ಶುಚಿ ಮಾಡಿ. ವರ್ಷಗಟ್ಟಲೆ ಕೂತ ಟಾರ್ ದಾರಿಯನ್ನು ಎಷ್ಟು ಕಿರಿದು ಮಾಡಿರುತ್ತದೆ ಅಂತ ತೆಗೆದಾಗಲೇ ಗೊತ್ತಾಗುವುದು.

ಗೊರಗೊರದ ಮೂಲ: ಗೂಡಿನೊಳಗಿನ ಸಂದು

ನನ್ನ ಮಾವನವರು ತಮ್ಮ ಪೈಪನ್ನು ನನಗೆ ಕೊಟ್ಟು ಎಷ್ಟೋ ವರ್ಷ ಆಯಿತು. ಸುಂದರವಾದ ಪೈಪ್. ಆದರೆ ಹಚ್ಚಿದ ಕಾಲು ಗಂಟೆಗೆ ಗೊರಗೊರ ಶುರು. ಸೊಪ್ಪು ಬದಲಾಯಿಸಿದೆ, ತುಂಬುವ ರೀತಿ ಬದಲಾಯಿಸಿದೆ, ಎರಡು ವರ್ಷ ಹಾಗೇ ಕಳೆಯಿತು. ಕೊನೆಗೆ ಒಂದು ದಿನ ಬೆಂಕಿಕಡ್ಡಿ ಇಳಿಸಿ ಗೂಡಿನ ಆಳ ಅಳೆದೆ. ಆಮೇಲೆ ಸ್ಟೆಮ್‌ನ ಮೂತಿ ಅಳೆದೆ. ಮೂತಿ 4 ಮಿಲಿಮೀಟರ್ ಗಿಡ್ಡ ಇತ್ತು. ಅಂದರೆ ಸ್ಟೆಮ್ ಪೂರ್ತಿ ಕೂತಾಗಲೂ ಒಳಗೆ ಅಷ್ಟುದ್ದದ ಒಂದು ಖಾಲಿ ಕೋಣೆ ಉಳಿಯುತ್ತಿತ್ತು.

ಆ ಕೋಣೆಯಲ್ಲಿ ಏನಾಗುತ್ತದೆ ನೋಡಿ. ಸೊಪ್ಪಿನಲ್ಲಿ ತೇವ ಇದೆ. ಸೊಪ್ಪು ಉರಿದಾಗಲೂ ನೀರಾವಿ ಹುಟ್ಟುತ್ತದೆ. ಎಷ್ಟು ಒಣಗಿಸಿದರೂ ಹೊಗೆಯಲ್ಲಿ ಆವಿ ಇದ್ದೇ ಇರುತ್ತದೆ. ಕಿರಿದಾದ ತೂತಿನಲ್ಲಿ ಬಿರಬಿರನೆ ಬಂದ ಬಿಸಿ ಹೊಗೆ ಅಗಲವಾದ ಜಾಗ ಸಿಕ್ಕ ತಕ್ಷಣ ಸುತ್ತುತ್ತದೆ, ನಿಧಾನವಾಗುತ್ತದೆ, ತಣ್ಣಗಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂರುವ ಹಾಗೆ ಅಲ್ಲಿ ನೀರು ಕೂರುತ್ತದೆ. ಮುಂದಿನ ದಮ್ಮು ಆ ನೀರನ್ನು ಕಲಕುತ್ತದೆ. ನಮಗೆ ಕೇಳಿಸುವ ಗೊರಗೊರ ಅದೇ.

ದಾರಿ ಉದ್ದಕ್ಕೂ ಒಂದೇ ಅಗಲ ಇದ್ದರೆ ಆವಿ ಬಹುಮಟ್ಟಿಗೆ ಆವಿಯಾಗಿಯೇ ಹೊರಗೆ ಹೋಗುತ್ತದೆ. ಈ ಒಂದು ವಿಷಯ ತಲೆಗೆ ಹತ್ತಿದ ಮೇಲೆ ನಾನು ಪೈಪುಗಳನ್ನು ನೋಡುವ ರೀತಿಯೇ ಬದಲಾಯಿತು.

ಸರಿಮಾಡುವುದು ಕಷ್ಟವಲ್ಲ. ಗೂಡಿನೊಳಗೆ ಸಲೀಸಾಗಿ ಇಳಿಯುವಂಥ ಒಂದು ಪುಟ್ಟ ಉಂಗುರ ಬೇಕು. ನಡುವೆ 4 ಮಿ.ಮೀ. ತೂತು, ಉದ್ದ ಆ ಸಂದಿಗಿಂತ ಚೂರು ಕಡಿಮೆ. ಮುರಿದುಹೋದ ಹಳೇ ಸ್ಟೆಮ್ ಇದ್ದರೆ ಅದರ ಮೂತಿಯ ತುಂಡೇ ಸಾಕು, ಸಣ್ಣ ಗರಗಸದಲ್ಲಿ ಕತ್ತರಿಸಿ ಮರಳು ಕಾಗದದಲ್ಲಿ ಉಜ್ಜಿ. ಅಂಟು ಹಾಕಬೇಡಿ. ಬಿಸಿಗೆ ಅಂಟಿನ ಹೊಗೆ ಬಾಯಿಗೆ ಬರಬಾರದು, ಶುಚಿ ಮಾಡುವಾಗ ಉಂಗುರ ಹೊರಗೂ ಬರಬೇಕು. ಸಂದು ಪೂರ್ತಿ ಮುಚ್ಚುವುದೂ ಬೇಡ. ಮರ ಬಿಸಿಗೆ ಹಿಗ್ಗಿ ಕುಗ್ಗುತ್ತದೆ, ಅರ್ಧ ಮಿಲಿಮೀಟರ್ ಜಾಗ ಬಿಡಿ. ಮಾವನವರ ಪೈಪಿಗೆ ಹಾಕಿದ ಉಂಗುರ ಇವತ್ತಿಗೂ ಒಳಗಿದೆ, ಗೊರಗೊರ ಮತ್ತೆ ಬಂದಿಲ್ಲ.

ಎರಡು ಕಡೆ ಈ ಉಪಾಯ ಬಳಸಬೇಡಿ. ಡಬ್ಲಿನ್‌ನ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ 'ಸಿಸ್ಟಮ್' ಪೈಪಿನಲ್ಲಿ ಕತ್ತಿನೊಳಗೆ ಒಂದು ಗುಂಡಿಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೀರು ಬಾಯಿಗೆ ಬರದೆ ಅಲ್ಲಿ ಇಳಿಯಲಿ ಅಂತ. ಅಲ್ಲಿ ಕ್ಲೀನರ್ ಪರೀಕ್ಷೆಯೂ ನಡೆಯುವುದಿಲ್ಲ. ಸೇದಿದ ಮೇಲೆ ಆ ಗುಂಡಿಯನ್ನು ಒರೆಸಿಕೊಂಡರೆ ಆಯಿತು. ಇನ್ನೊಂದು, 9 ಮಿ.ಮೀ. ಫಿಲ್ಟರ್ ಹಾಕುವ ಪೈಪ್. ಅದನ್ನು ಫಿಲ್ಟರ್ ಇಲ್ಲದೆ ಸೇದಿದರೆ ದೊಡ್ಡ ಖಾಲಿ ಕೋಣೆ ಉಳಿದು ಗೊರಗೊರ ಖಂಡಿತ. ಒಂದೋ ಫಿಲ್ಟರ್ ಹಾಕಿ, ಇಲ್ಲವೇ ಅದಕ್ಕೆಂದೇ ಸಿಗುವ ಅಡಾಪ್ಟರ್ ಹಾಕಿ. ಫಿಲ್ಟರ್ ಹಾಕಿದರೆ ಆರೋಗ್ಯಕ್ಕೆ ತೊಂದರೆಯಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ನೀರು ಹೀರುತ್ತದೆ, ಅಪಾಯವನ್ನು ಹೀರುವುದಿಲ್ಲ.

ತೂತು ತಳಕ್ಕಿಂತ ಮೇಲಿದ್ದರೆ ಹಳಬರ ಮದ್ದು ಒಂದಿದೆ. ಸಿಗಾರ್ ಬೂದಿಗೆ ಒಂದೆರಡು ಹನಿ ನೀರು ಹಾಕಿ ಚಟ್ನಿಯಷ್ಟು ಗಟ್ಟಿಯಾಗಿ ಕಲಸಿ. ಗಾಳಿ ತೂತಿನಲ್ಲಿ ಒಂದು ಪೈಪ್ ಕ್ಲೀನರ್ ಇಟ್ಟುಕೊಂಡು, ಬೂದಿಯ ಆ ಕಲಸನ್ನು ತೂತಿನ ಮಟ್ಟದವರೆಗೆ ತಳಕ್ಕೆ ಮೆತ್ತಿ. ನಾಲ್ಕೈದು ದಿನ ಒಣಗಲು ಬಿಡಿ. ಕಲ್ಲಿನಂತೆ ಕೂರುತ್ತದೆ. ಮುಂದೆ ಉಜ್ಜುವಾಗ ಕಿತ್ತುಬಂದರೆ ಮತ್ತೆ ಮೆತ್ತಿದರಾಯಿತು.

ಕೆಲವು ಹಳೇ ಪೈಪುಗಳ ಮೂತಿಗೆ ಲೋಹದ ಸಣ್ಣ ಕಡ್ಡಿಯೊಂದನ್ನು ಸಿಕ್ಕಿಸಿರುತ್ತಾರೆ. ಹೊಗೆ ತಣಿಯಲಿ ಅಂತ ಇಟ್ಟದ್ದು. ಅದರ ಮೇಲೆಯೇ ಆವಿ ನೀರಾಗುತ್ತದೆ. ಸುಲಭವಾಗಿ ಬರುವಂತಿದ್ದರೆ ತೆಗೆದು ಡಬ್ಬಿಯಲ್ಲಿ ಜೋಪಾನವಾಗಿ ಇಡಿ.

ಮರದ ಮಾತು

ಒಳ್ಳೆಯ ಪೈಪುಗಳಲ್ಲಿ ಹೆಚ್ಚಿನವು ಬ್ರಯರ್‌ನಿಂದ ಮಾಡಿದವು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಅನ್ನುವ ಪೊದೆಗಿಡ ಇದು. ಅದರ ಕಾಂಡ ಬೇಡ, ಬೇರು ಬೇಡ. ಎರಡರ ನಡುವೆ ನೆಲದೊಳಗೆ ಊದಿಕೊಂಡ ಗಡ್ಡೆ ಬೇಕು. ಅದು ಪೈಪಿಗೆ ಒದಗುವಷ್ಟು ಬೆಳೆಯಲು ದಶಕಗಳೇ ಹಿಡಿಯುತ್ತವೆ. ಅಗೆದ ಗಡ್ಡೆಯನ್ನು ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಳಗಿನ ರಸ ಬಿಡಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಗಟ್ಟಿಯಾದ ಮರ, ಬೇಗ ಸುಡುವುದಿಲ್ಲ, ತೇವವನ್ನು ಒಂದಷ್ಟು ಹೀರಿಕೊಂಡು ಆಮೇಲೆ ಬಿಡುತ್ತದೆ. 19ನೇ ಶತಮಾನದ ನಡುವಿನಿಂದ ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲೋಡ್ ಅನ್ನುವ ಊರು ಈ ಕೆಲಸಕ್ಕೆ ಹೆಸರಾಯಿತು.

ಸರಿಯಾಗಿ ಕುದಿಸದ, ಅರೆಬರೆ ಒಣಗಿಸಿದ ಮರದ ಪೈಪ್ ಮೊದಲ ಹತ್ತಿಪ್ಪತ್ತು ಸಲ ಕಹಿ ಬಿಡುತ್ತದೆ. ಇದು ಮಾತ್ರ ಕೊಳ್ಳುವಾಗ ಕಣ್ಣಿಗೆ ಕಾಣುವುದಿಲ್ಲ. ಹೆಸರಿರುವ ತಯಾರಕರಿಗೆ ಒಂದಷ್ಟು ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥ ಇದ್ದರೆ ಈ ಕಾರಣಕ್ಕೆ ಇದೆ. ಆದರೆ ಮೇಲ್ಮೈಯಲ್ಲಿ ಜ್ವಾಲೆಯಂತೆ ಎದ್ದಿರುವ ನೇರ ಗೆರೆಗಳಿಗೆ ಕೊಡುವ ದುಡ್ಡು ಕಣ್ಣಿಗೆ ಮಾತ್ರ. ಗೆರೆ ಚೆನ್ನಾಗಿದ್ದ ಮಾತ್ರಕ್ಕೆ ಹೊಗೆ ಚೆನ್ನಾಗಿರುವುದಿಲ್ಲ. ಬಟ್ಟಲಿನ ಗೋಡೆ ದಪ್ಪವಾಗಿದೆಯಾ ನೋಡಿ, ತೆಳ್ಳಗಿದ್ದರೆ ಕೈ ಸುಡುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಜೋಳದ ದಿಂಡಿನ ಪೈಪ್ ತಗೊಳ್ಳಿ. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪಟ್ಟಣದಲ್ಲಿ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇದನ್ನು ಮಾಡುತ್ತಿದೆ. ಹಗುರ, ತೇವ ಚೆನ್ನಾಗಿ ಹೀರುತ್ತದೆ, ಮೊದಲ ದಿನದಿಂದಲೇ ಒಳ್ಳೆ ಹೊಗೆ. ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಬಿಳಿ ಮೀರ್‌ಶಾಮ್ ಕಲ್ಲಿನ ಪೈಪೂ ಒಣಗಿದ, ತಂಪಾದ ಹೊಗೆ ಕೊಡುತ್ತದೆ. ಆದರೆ ಕೈಜಾರಿ ಬಿದ್ದರೆ ಹೋಯಿತು.

ಸೊಪ್ಪಿನ ಹದ

ಪೈಪ್ ಸರಿ ಇದ್ದೂ ಹೊಗೆ ಸರಿ ಇಲ್ಲ ಅಂದರೆ ಸಾಮಾನ್ಯವಾಗಿ ತಪ್ಪು ಇಲ್ಲಿರುತ್ತದೆ. ಸೊಪ್ಪು ಹಸಿ.

ಹದ ಅಂದರೆ ಏನು ಅಂತ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ಎಲೆಗಳನ್ನು ಕೋಲಿಗೆ ಕಟ್ಟಿ, ಬ್ಯಾರನ್ ಅನ್ನುವ ಒಣಗಿಸುವ ಮನೆಯೊಳಗೆ ತೂಗುಹಾಕುತ್ತಾರೆ, ಒಲೆಯ ಬಿಸಿಯನ್ನು ಕೊಳವೆಗಳ ಮೂಲಕ ಒಳಗೆ ಬಿಡುತ್ತಾರೆ. ಹೊಗೆ ಎಲೆಗೆ ತಾಗಬಾರದು, ಬಿಸಿ ಮಾತ್ರ ತಾಗಬೇಕು. ದಿನದಿಂದ ದಿನಕ್ಕೆ ಬಿಸಿ ಏರಿಸಿ, ಎಲೆ ಹಳದಿಯಾಗಿ ಒಣಗಿದ ಮೇಲೆ ಅದನ್ನು ತಕ್ಷಣ ಹೊರಗೆ ತೆಗೆಯುವುದಿಲ್ಲ. ತೆಗೆದರೆ ಹಪ್ಪಳದ ಹಾಗೆ ಪುಡಿಪುಡಿ. ಬಾಗಿಲು ತೆರೆದಿಟ್ಟು ರಾತ್ರಿಯ ತಂಪನ್ನು ಎಲೆ ಕುಡಿಯುವವರೆಗೆ ಕಾಯುತ್ತಾರೆ. ಬೆರಳಲ್ಲಿ ಮುಟ್ಟಿ ಹದ ನೋಡುತ್ತಾರೆ. ಪೈಪಿನವನಿಗೂ ಅದೇ ಬೆರಳು ಬೇಕು.

ಡಬ್ಬಿಯಲ್ಲಿ ಬರುವ ಪೈಪ್ ತಂಬಾಕು ಬಹಳಷ್ಟು ಸಲ ಹಸಿಯಾಗಿಯೇ ಬರುತ್ತದೆ. ಕೆಡಬಾರದು, ತೂಕ ಇಳಿಯಬಾರದು ಅಂತ ತೇವ ಇಟ್ಟಿರುತ್ತಾರೆ. ಚೆರಿ, ವೆನಿಲ್ಲಾ ಪರಿಮಳದ ತಂಬಾಕಿಗಂತೂ ತೇವ ಹಿಡಿದಿಡುವ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುವುದು ಮಾಮೂಲು. ಅದು ಎಷ್ಟು ಹೊತ್ತು ಹರಡಿಟ್ಟರೂ ಅಂಟಂಟಾಗಿಯೇ ಇರುತ್ತದೆ. ಹೊಸಬರು ಘಮಕ್ಕೆ ಮಾರುಹೋಗಿ ಅದರಿಂದಲೇ ಶುರು ಮಾಡುತ್ತಾರೆ, ನಾಲಿಗೆ ಸುಟ್ಟುಕೊಳ್ಳುತ್ತಾರೆ, ಪೈಪನ್ನು ಬೈಯುತ್ತಾರೆ. ನನ್ನ ಸಲಹೆ ಕೇಳಿದರೆ, ಪೈಪನ್ನು ಪರೀಕ್ಷೆ ಮಾಡುವ ದಿನಗಳಲ್ಲಿ ಪರಿಮಳದ ಸೊಪ್ಪು ಬೇಡ. ಬರ್ಲಿ ಅನ್ನುವ ತಳಿ ಹೆಚ್ಚಿರುವ ಸಾದಾ ತಂಬಾಕು ಸಲೀಸಾಗಿ ಉರಿಯುತ್ತದೆ. ವರ್ಜೀನಿಯಾದಲ್ಲಿ ಸಕ್ಕರೆಯ ಅಂಶ ಜಾಸ್ತಿ. ರುಚಿ ಸಿಹಿ, ಆದರೆ ಅವಸರ ಮಾಡಿದರೆ ನಾಲಿಗೆ ಕಚ್ಚುತ್ತದೆ. ಸೈಪ್ರಸ್‌ನ ಲಟಾಕಿಯಾ ಸೌದೆ ಹೊಗೆಯಲ್ಲಿ ಹದವಾದ ಸೊಪ್ಪು. ಒಲೆಮನೆಯ ವಾಸನೆ, ಮೃದುವಾದ ಹೊಗೆ.

ಹದ ನೋಡುವುದು ಹೀಗೆ. ಒಂದು ಚಿಟಿಕೆ ಸೊಪ್ಪನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, ಮೂರೆಣಿಸಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಹಸಿ. ಪುಡಿಯಾಗಿ ಉದುರಿದರೆ ಅತಿ ಒಣ. ನಿಧಾನಕ್ಕೆ ತಾನೇ ಬಿಚ್ಚಿಕೊಂಡು, ಮುಟ್ಟಿದರೆ ಒಣಗಿದೆ ಅನ್ನಿಸಿ, ಮುರಿಯದೆ ಬಾಗಿದರೆ ಸರಿಯಾದ ಹದ. ಅನುಮಾನ ಬಂದರೆ ಇನ್ನಷ್ಟು ಒಣಗಿಸಿ. ಸ್ವಲ್ಪ ಒಣ ಇದ್ದರೆ ರುಚಿ ಚೂರು ಕಡಿಮೆಯಾಗುತ್ತದೆ ಅಷ್ಟೇ, ಹಸಿ ಇದ್ದರೆ ಸೇದುವ ಸುಖವೇ ಹೋಗುತ್ತದೆ.

ಒಂದು ಸಲಕ್ಕೆ ಬೇಕಾದಷ್ಟನ್ನು ಮಾತ್ರ ಕಾಗದದ ಮೇಲೆ ತೆಳ್ಳಗೆ ಹರಡಿ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಾದರೆ ಇಪ್ಪತ್ತು ನಿಮಿಷ ಸಾಕು. ಜುಲೈನಲ್ಲಿ ಮಡಿಕೇರಿಯಲ್ಲೋ ಮಂಗಳೂರಿನಲ್ಲೋ ಹಾಗೇ ಇಟ್ಟರೆ ಸೊಪ್ಪು ಒಣಗುವ ಬದಲು ಇನ್ನಷ್ಟು ತೇವ ಕುಡಿಯುತ್ತದೆ! ಅಲ್ಲಿ ಟೇಬಲ್ ಲ್ಯಾಂಪಿನ ಕೆಳಗೆ ಇಡಿ, ಕಾಗದ ಬೆಚ್ಚಗಾದರೆ ಸಾಕು. ಉಳಿದದ್ದನ್ನು ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ ಹಾಕಿ ಕತ್ತಲಲ್ಲಿಡಿ. ಮಕ್ಕಳ ಕೈಗೆ ಸಿಗದ ಜಾಗ ಆಗಿರಲಿ.

ತುಂಬುವುದು, ಹಚ್ಚುವುದು

ಬಟ್ಟಲಿಗೆ ಸೊಪ್ಪನ್ನು ಉದುರಿಸಿ, ತುರುಕಬೇಡಿ. ಬಾಯಿ ಮಟ್ಟಕ್ಕೆ ಸಡಿಲವಾಗಿ ಉದುರಿಸಿ, ಬಟ್ಟಲಿನ ಪಕ್ಕಕ್ಕೆ ಬೆರಳಲ್ಲಿ ತಟ್ಟಿ. ಸೊಪ್ಪು ತಾನೇ ಇಳಿಯುತ್ತದೆ. ಈಗ ಬೆರಳಲ್ಲಿ ಎಷ್ಟು ಮೆಲ್ಲಗೆ ಒತ್ತಬೇಕು ಅಂದರೆ, ಮಲಗಿದ ಮಗುವಿನ ಕೆನ್ನೆ ಮುಟ್ಟಿದಷ್ಟು. ಬಟ್ಟಲು ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಉದುರಿಸಿ, ಈ ಸಲ ಸ್ವಲ್ಪ ಗಟ್ಟಿಯಾಗಿ ಒತ್ತಿ. ಮೂರನೇ ಸಲ ಇನ್ನೂ ಸ್ವಲ್ಪ. ತಳ ಸಡಿಲ, ಮೇಲೆ ಬಿಗಿ. ಉರಿಯುತ್ತ ಹೋದ ಹಾಗೆ ತಳದ ಸೊಪ್ಪು ತಾನೇ ಒತ್ತಿಕೊಳ್ಳುತ್ತದೆ, ಅದಕ್ಕೇ ಮೊದಲೇ ಬಿಗಿ ಮಾಡಬಾರದು.

ಹಚ್ಚುವ ಮೊದಲು ಒಮ್ಮೆ ಎಳೆದು ನೋಡಿ. ಖಾಲಿ ಪೈಪಿಗಿಂತ ಚೂರೇ ಚೂರು ಬಿಗಿ ಅನ್ನಿಸಬೇಕು. ಸ್ಟ್ರಾದಲ್ಲಿ ಎಳನೀರು ಹೀರಿದಷ್ಟು. ಗಂಜಿ ಹೀರಿದ ಹಾಗೆ ಕಷ್ಟವಾದರೆ ಪೂರ್ತಿ ತೆಗೆದು ಮತ್ತೆ ತುಂಬಿ. ನಡುವೆ ಕಡ್ಡಿ ಚುಚ್ಚಿ ದಾರಿ ಮಾಡುವುದರಿಂದ ಉಪಯೋಗವಿಲ್ಲ. ಗಾಳಿ ಆ ಒಂದು ತೂತಿನಲ್ಲೇ ಹರಿದು ಅಲ್ಲಿ ಮಾತ್ರ ಉರಿಯುತ್ತದೆ.

ಬೆಂಕಿಕಡ್ಡಿ ಗೀರಿದ ತಕ್ಷಣ ಬಟ್ಟಲಿಗೆ ಹಿಡಿಯಬೇಡಿ. ತಲೆಯ ಮದ್ದು ಪೂರ್ತಿ ಉರಿದು ಕಡ್ಡಿಯ ಮರ ಹತ್ತಲಿ, ಇಲ್ಲದಿದ್ದರೆ ಗಂಧಕದ ವಾಸನೆ ಸೊಪ್ಪಿಗೆ ಹಿಡಿಯುತ್ತದೆ. ಜ್ವಾಲೆಯನ್ನು ಸೊಪ್ಪಿನ ಮೇಲೆಲ್ಲ ದುಂಡಗೆ ಆಡಿಸಿ, ಬಟ್ಟಲಿನ ಅಂಚಿಗೆ ತಾಗಿಸಬೇಡಿ. ಮೆಲ್ಲಗೆ ನಾಲ್ಕು ದಮ್ಮು. ಮೇಲಿನ ಎಳೆಗಳು ಸುರುಳಿಯಾಗಿ ಎದ್ದು ನಿಲ್ಲುತ್ತವೆ. ಅದು ಆರಿಹೋದರೆ ಆರಲಿ. ಈ ಮೊದಲ ಬೆಂಕಿ ಸೊಪ್ಪಿನ ಮೇಲೆ ಕರಿಯ ಹೊದಿಕೆ ಮಾಡಲು ಮಾತ್ರ. ಸೊಪ್ಪು ಒತ್ತುವ ಸಣ್ಣ ಸಾಧನ ಟ್ಯಾಂಪರ್‌ನಿಂದ ಆ ಕರಿಯನ್ನು ಸಮಮಟ್ಟ ಮಾಡಿ. ಟ್ಯಾಂಪರ್ ಇಲ್ಲದಿದ್ದರೆ ದೊಡ್ಡ ಮೊಳೆಯ ಚಪ್ಪಟೆ ತಲೆಯೂ ನಡೆಯುತ್ತದೆ. ಆಮೇಲೆ ಎರಡನೇ ಸಲ ಹಚ್ಚಿ. ಈಗ ಹತ್ತಿದ ಕೆಂಡ ನಿಲ್ಲುತ್ತದೆ.

ದಮ್ಮಿನ ವೇಗ

ಸಿಗರೇಟಿನಿಂದ ಪೈಪಿಗೆ ಬಂದವರು ಎಡವುವುದು ಇಲ್ಲಿ. ಕೈ ಅಭ್ಯಾಸ, ಜೋರಾಗಿ ಎಳೆಯುತ್ತಾರೆ. ಪೈಪಿನ ದಮ್ಮು ಬಿಸಿ ಕಾಫಿಯನ್ನು ತುಟಿ ಸುಡದಂತೆ ಗುಟುಕರಿಸಿದ ಹಾಗಿರಬೇಕು. ನಿಮಿಷಕ್ಕೆ ಎರಡು ಮೂರು ಸಾಕು. ನಡುವೆ ಮೂಗಿನಲ್ಲಿ ಮಾಮೂಲಿ ಉಸಿರಾಡಿ. ಹೊಗೆ ಕಂಡೂ ಕಾಣದಷ್ಟು ತೆಳುವಾಗಿ ಬಂದಾಗಲೇ ರುಚಿ ಜಾಸ್ತಿ. ದಟ್ಟ ಹೊಗೆ ಬರುತ್ತಿದೆ ಅಂದರೆ ಒಲೆ ಅತಿಯಾಗಿ ಉರಿಯುತ್ತಿದೆ ಅಂತ.

ಬಟ್ಟಲನ್ನು ಆಗಾಗ ಕೆನ್ನೆಗೆ ಒತ್ತಿ ನೋಡಿ. ಬೆಚ್ಚಗಿದ್ದರೆ ಸರಿ. ಚುರ್ ಅಂದರೆ ಕೆಳಗಿಟ್ಟುಬಿಡಿ, ಆರಲಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಬಹುದು. ಪೈಪ್ ಆರುವುದು ತಪ್ಪಲ್ಲ. ಆರಬಾರದು ಅಂತ ಹಟ ಹಿಡಿದು ಎಳೆಯುವುದೇ ತಪ್ಪು. ನಾಲಿಗೆ ಸುಡುವುದೂ, ಬಟ್ಟಲು ಸೀದುಹೋಗುವುದೂ, ನೀರು ತುಂಬುವುದೂ ಆ ಹಟದಿಂದಲೇ.

ಫ್ಯಾನ್ ಕೆಳಗೆ ಕೂತು ಸೇದಬೇಡಿ. ತಾರಸಿಯ ಮೇಲೆ ಗಾಳಿ ಜೋರಿದ್ದರೂ ಅಷ್ಟೇ. ನೀವು ಎಳೆಯದಿದ್ದರೂ ಗಾಳಿ ಮೇಲಿನಿಂದ ಕೆಂಡವನ್ನು ಊದುತ್ತಿರುತ್ತದೆ.

ಬೂದಿ ಸಡಿಲವಾದಾಗ, ಬೆಂಕಿ ಮಂಕಾದಾಗ ಟ್ಯಾಂಪರ್‌ನ ಭಾರದಲ್ಲೇ ಒಮ್ಮೆ ಒತ್ತಿ. ಕೆಂಡ ಕೆಳಗಿನ ಸೊಪ್ಪಿಗೆ ತಾಗಿದರೆ ಸಾಕು. ಮಧ್ಯೆ ಗೊರಗೊರ ಕೇಳಿದರೆ ನಾಚಿಕೆ ಬೇಡ, ಪೈಪ್ ಕ್ಲೀನರ್ ಒಳಗೆ ತೂರಿಸಿ ಒಂದು ಕ್ಷಣ ಬಿಟ್ಟು ತೆಗೆಯಿರಿ. ಮೊದಲ ಪರೀಕ್ಷೆಯಲ್ಲಿ ಕ್ಲೀನರ್ ಸಲೀಸಾಗಿ ಹೋಗಬೇಕು ಅಂದದ್ದು ಈ ಹೊತ್ತಿಗಾಗಿಯೇ. ತಳದ ಕೊನೆಯ ಚೂರು ರುಚಿ ಕೆಟ್ಟರೆ ಅದನ್ನು ಮುಗಿಸಲೇಬೇಕು ಅಂತಿಲ್ಲ, ಬಿಟ್ಟುಬಿಡಿ.

ಸೇದಿದ ಮೇಲೆ

ಪೈಪ್ ಬಿಸಿ ಇರುವಾಗ ಸ್ಟೆಮ್ ಬಿಚ್ಚಬೇಡಿ. ಬಿಸಿಗೆ ಮರ ಮತ್ತು ಮೂತಿ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿರುತ್ತವೆ. ಆಗ ತಿರುಚಿದರೆ ಕತ್ತು ಸೀಳುತ್ತದೆ, ಇಲ್ಲವೇ ಮೂತಿ ಮುರಿಯುತ್ತದೆ. ಬೂದಿ ಉದುರಿಸಲು ಗೋಡೆಗೆ, ಚಪ್ಪಲಿಗೆ ಬಡಿಯಬೇಡಿ. ಸಣ್ಣ ಚಮಚದ ಹಿಡಿಯಿಂದ ಕೆರೆದು ತೆಗೆಯಿರಿ. ಬೂದಿಯಲ್ಲಿ ಕಿಡಿ ಉಳಿದಿರಬಹುದು, ನೀರು ಹಾಕಿ ಆಮೇಲೆ ಕಸಕ್ಕೆ ಹಾಕಿ. ಒಂದು ಕ್ಲೀನರ್ ತೂರಿಸಿ ದಾರಿ ಒರೆಸಿ, ಬಟ್ಟಲೊಳಗೆ ಕಾಗದದ ಕರವಸ್ತ್ರ ಸುತ್ತಿ ತಿರುಗಿಸಿ. ಇಷ್ಟಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಇದನ್ನು ತಪ್ಪದೆ ಮಾಡಿದ ಪೈಪಿಗೆ ದೊಡ್ಡ ರಿಪೇರಿ ಬರುವುದೇ ಅಪರೂಪ.

ಆಮೇಲೆ ವಿಶ್ರಾಂತಿ. ಬ್ರಯರ್ ಪೈಪನ್ನು ಒಂದು ದಿನವಾದರೂ ಒಣಗಲು ಬಿಡಿ. ಮಳೆಗಾಲದಲ್ಲಿ ಎರಡು ಮೂರು ದಿನ. ಮಲೆನಾಡು, ಕರಾವಳಿಯವರು ಇನ್ನೊಂದು ವಿಷಯ ಗಮನದಲ್ಲಿಡಿ. ಮುಚ್ಚಿದ ಡ್ರಾಯರ್‌ನಲ್ಲಿ ಇಟ್ಟರೆ ಬಟ್ಟಲಿನೊಳಗೆ ಬೂಷ್ಟು ಬರುತ್ತದೆ. ಗಾಳಿ ಆಡುವ ಸ್ಟ್ಯಾಂಡಿನ ಮೇಲೆ ಇಡಿ, ಆದರೆ ಬಿಸಿಲಿಗೆ ಬೇಡ. ವಲ್ಕನೈಟ್ ಅಂದರೆ ಗಟ್ಟಿ ರಬ್ಬರಿನ ಸ್ಟೆಮ್ ಬಿಸಿಲಿಗೆ ಹಸಿರುಗಂದು ಬಣ್ಣಕ್ಕೆ ತಿರುಗಿ ನಾಲಿಗೆಗೆ ಕಹಿ ಹತ್ತಿಸುತ್ತದೆ. ಬಣ್ಣ ತಿರುಗಿದರೆ ಹಲ್ಲುಜ್ಜುವ ಪೇಸ್ಟಿನಲ್ಲಿ ತಾಳ್ಮೆಯಿಂದ ಉಜ್ಜಿ ತೊಳೆದರೆ ಹಿಂದಿನ ಕಪ್ಪು ಬಣ್ಣ ಬರುತ್ತದೆ.

ಸೇದುತ್ತ ಹೋದ ಹಾಗೆ ಬಟ್ಟಲಿನ ಒಳಗೋಡೆಗೆ ಕರಿಯ ಪದರ ಕಟ್ಟುತ್ತದೆ. ಅದು ಮರವನ್ನು ಬೆಂಕಿಯಿಂದ ಕಾಯುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ದಪ್ಪ ಇದ್ದರೆ ಸಾಕು. ಅದಕ್ಕಿಂತ ದಪ್ಪವಾದರೆ ಬಿಸಿಗೆ ಕರಿ ಒಂದು ರೀತಿ ಹಿಗ್ಗುತ್ತದೆ, ಮರ ಇನ್ನೊಂದು ರೀತಿ. ಬಟ್ಟಲು ಬಿರುಕು ಬಿಡುತ್ತದೆ. ಮರಳು ಕಾಗದವನ್ನು ಬೆರಳಿಗೆ ಸುತ್ತಿ ಸ್ವಲ್ಪ ಸ್ವಲ್ಪವೇ ಇಳಿಸಿ. ಚೂರಿ ಹಾಕಬೇಡಿ. ಮೀರ್‌ಶಾಮ್ ಪೈಪಿನಲ್ಲಿ ಮಾತ್ರ ಈ ಪದರ ಕಟ್ಟಲು ಬಿಡಲೇಬಾರದು, ಪ್ರತಿ ಸಲವೂ ಒರೆಸಿ.

ಹಳೇ ಪೈಪ್ ಕೈಗೆ ಬಂದಾಗ ಹಿಂದಿನವರ ತಂಬಾಕಿನ ವಾಸನೆ ಅದರಲ್ಲಿ ಉಳಿದಿರುತ್ತದೆ. ಬಟ್ಟಲಿಗೆ ಹತ್ತಿ ತುಂಬಿ, ಗಾಳಿ ತೂತಿಗೆ ಕ್ಲೀನರ್ ತೂರಿಸಿ, ಹನಿ ಹಾಕುವ ಫಿಲ್ಲರ್‌ನಲ್ಲಿ ಗಟ್ಟಿ ರಮ್ ಅಥವಾ ವೋಡ್ಕಾ ಹತ್ತಿ ನೆನೆಯುವಷ್ಟು ಹಾಕಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹತ್ತಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಹತ್ತಿ ಬೆಳ್ಳಗೆ ಉಳಿಯುವವರೆಗೆ ಮತ್ತೆ ಮಾಡಿ, ಆಮೇಲೆ ನಾಲ್ಕು ದಿನ ಪೂರ್ತಿ ಒಣಗಿಸಿ. ಕೆಲವರು ಹತ್ತಿಯ ಬದಲು ಉಪ್ಪು ಹಾಕುತ್ತಾರೆ. ಉಪ್ಪು ಕತ್ತಿನೊಳಗೆ ಸೇರಿಕೊಂಡರೆ ಮರ ಸೀಳುವ ಭಯ ಇದೆ, ನಾನು ಹಾಕುವುದಿಲ್ಲ. ಮದ್ಯ ಹೊರಮೈಗೆ ತಾಗದಂತೆ ನೋಡಿಕೊಳ್ಳಿ. ಹೊಳಪಿಗೆ ಅರಗಿನ ಪಾಲಿಶ್ ಕೊಟ್ಟಿದ್ದರೆ ಮದ್ಯಕ್ಕೆ ಕರಗಿಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಗೊರಗೊರ ನಿಲ್ಲಲಿಲ್ಲ ಅಂದುಕೊಳ್ಳಿ. ತಪ್ಪು ಪೈಪಿನದೋ ಸೊಪ್ಪಿನದೋ ಕೈಯದೋ ಅಂತ ತಿಳಿಯಲು ಒಂದು ದಾರಿ ಇದೆ. ಅದೇ ಡಬ್ಬಿಯ ಸೊಪ್ಪನ್ನು ಅದೇ ಹೊತ್ತು ಒಣಗಿಸಿ, ಒಂದು ಜೋಳದ ದಿಂಡಿನ ಪೈಪಿನಲ್ಲಿ ಅದೇ ರೀತಿ ತುಂಬಿ ಸೇದಿ. ಅದರಲ್ಲೂ ನೀರು ಬಂದರೆ ಸೊಪ್ಪನ್ನು ಇನ್ನೂ ಒಣಗಿಸಿ, ದಮ್ಮನ್ನು ಇನ್ನೂ ನಿಧಾನ ಮಾಡಿ. ಅದು ಒಣಗಿಯೇ ಉರಿದು, ತಳದಲ್ಲಿ ಬೂದು ಬಣ್ಣದ ಬೂದಿ ಮಾತ್ರ ಉಳಿದರೆ, ನಿಮ್ಮ ಬ್ರಯರ್ ಪೈಪಿನ ಸ್ಟೆಮ್ ಬಿಚ್ಚಿ ಬೆಂಕಿಕಡ್ಡಿ ಇಳಿಸಿ ಗೂಡಿನ ಆಳವನ್ನು ಇನ್ನೊಮ್ಮೆ ಅಳೆಯಿರಿ.